ಮತ ಮತ್ತು ಸಾಕ್ಷಿ: ಕಳವಾರ ಸೀಮೆಯಲ್ಲಿ ದಲಿತರ ಹಕ್ಕಿನ ಹೋರಾಟ

1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆಯ ಮೂರನೇ ಕಲಮು ದೌರ್ಜನ್ಯ ಎಂದರೇನು ಎಂಬುದನ್ನು ಒಂದೊಂದಾಗಿ ಹೆಸರಿಸಿ ಹೇಳುತ್ತದೆ. ತಿನ್ನಬಾರದ್ದನ್ನು ತಿನ್ನಿಸುವುದು, ಬೆತ್ತಲೆ ಮೆರವಣಿಗೆ ಮಾಡಿಸುವುದು, ಜಮೀನು ಕಬಳಿಸುವುದು, ಬಿಟ್ಟಿ ದುಡಿಸಿಕೊಳ್ಳುವುದು, ಸುಳ್ಳು ಮೊಕದ್ದಮೆ ಹೂಡುವುದು ಎಲ್ಲವೂ ಅದರಲ್ಲಿವೆ. ಅದೇ ಸಾಲಿನಲ್ಲಿ ಇನ್ನೊಂದು ಅಪರಾಧವೂ ಇದೆ: ಮತ ಹಾಕಬೇಡ ಎಂದೋ ಇಂಥವರಿಗೇ ಹಾಕು ಎಂದೋ ಬೆದರಿಸುವುದು. ಶಾಸನ ರಚಿಸಿದವರು ಇದನ್ನು ಚುನಾವಣಾ ಅಕ್ರಮಗಳ ಪಟ್ಟಿಗೆ ಮಾತ್ರ ಬಿಟ್ಟು ಕೈತೊಳೆದುಕೊಳ್ಳಲಿಲ್ಲ. ಕೇರಿಯ ಮನುಷ್ಯನ ಮತವನ್ನು ಕಿತ್ತುಕೊಳ್ಳುವುದು ಅವನ ಮೈಮೇಲೆ ಕೈಮಾಡಿದಷ್ಟೇ ದೊಡ್ಡ ಅಪರಾಧವೆಂದು ಅವರು ಕಂಡರು.

ಹಾಗೆ ಕಂಡದ್ದು ಸರಿಯಾಗಿಯೇ ಇದೆ. ಮತಗಟ್ಟೆಯ ಸಾಲಿನಲ್ಲಿ ನಿಲ್ಲುವವರೂ ನ್ಯಾಯಾಲಯದ ಕಟಕಟೆ ಹತ್ತಿ ಸಾಕ್ಷಿ ನುಡಿಯುವವರೂ ಒಂದೇ ಜನ. ಎರಡೂ ಕಡೆ ಅವರು ಮಾಡುವ ಕೆಲಸವೂ ಒಂದೇ: ತಮಗೆ ಅನ್ನಿಸಿದ್ದನ್ನು, ತಾವು ಕಂಡದ್ದನ್ನು ಹೇಳುವುದು. ಹೇಳಿದ ಮರುದಿನ ಅದೇ ಊರಿನಲ್ಲಿ ಬದುಕಬೇಕು, ಅದೇ ಯಜಮಾನರ ತೋಟಕ್ಕೆ ಕೂಲಿಗೆ ಹೋಗಬೇಕು, ಅದೇ ಅಂಗಡಿಯಲ್ಲಿ ಸಾಲ ಕೇಳಬೇಕು. ತಳಮಟ್ಟದಲ್ಲಿ ದಲಿತ ಸಂಘಟನೆಗಳು ಐವತ್ತು ವರ್ಷಗಳಿಂದ ಮಾಡಿಕೊಂಡು ಬಂದಿರುವ ಕೆಲಸದ ತಿರುಳು ಆ ಮರುದಿನವನ್ನು ಕಾಯುವುದೇ ಆಗಿದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನೊಳಗೊಂಡ ಕಳವಾರ ಸೀಮೆ 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು. ಆ ವರ್ಷ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನರಲ್ಲಿ ಸುಮಾರು ಕಾಲು ಪಾಲು ಪರಿಶಿಷ್ಟ ಜಾತಿಯವರು, ಎಂಟರಲ್ಲೊಂದು ಪಾಲು ಪರಿಶಿಷ್ಟ ಪಂಗಡದವರು. ಎರಡೂ ಸೇರಿದರೆ ಮೂರರಲ್ಲೊಬ್ಬರಿಗಿಂತ ಹೆಚ್ಚು. ಆದರೆ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಮೀಸಲು ಕ್ಷೇತ್ರವಲ್ಲ. ಮೀಸಲು ಕ್ಷೇತ್ರಗಳಾದ ಮುಳಬಾಗಿಲು, ಕೆ.ಜಿ.ಎಫ್., ಬಂಗಾರಪೇಟೆ ಈಗಿನ ಕೋಲಾರ ಜಿಲ್ಲೆಯ ಪಾಲಿಗೆ ಹೋದವು. ಹೀಗಾಗಿ ಇಲ್ಲಿನ ಕೇರಿಯ ಮತ ಬಹುತೇಕ ಬೇರೆಯವರ ಗೆಲುವು ಸೋಲನ್ನು ತೀರ್ಮಾನಿಸುವ ಮತ. ಅದರ ಮೇಲೆ ಎಲ್ಲರ ಕಣ್ಣು ಬೀಳಲು ಇದೂ ಒಂದು ಕಾರಣ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು. ಕೊಳವೆಬಾವಿ ಇದ್ದವರಿಗೆ ಹಿಪ್ಪುನೇರಳೆ, ಟೊಮೆಟೊ, ದ್ರಾಕ್ಷಿ, ಇಲ್ಲದವರಿಗೆ ಕೂಲಿ. ನೀರು ಯಾರ ಜಮೀನಿನಲ್ಲಿ ಬಿತ್ತೋ ಊರಿನ ಮಾತು ಅವರ ಕೈಯಲ್ಲಿ.

ಮತದ ಹಕ್ಕು ಈ ಸೀಮೆಗೆ ತಾನಾಗಿ ನಡೆದು ಬಂದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಸೇರಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಇಂಥ ಸಭೆಗಳು ದೇಶೀ ಸಂಸ್ಥಾನಗಳಲ್ಲಿ ಅಪರೂಪವಾಗಿದ್ದುದು ನಿಜ. ಆದರೂ ಅಲ್ಲಿ ದನಿಯಿದ್ದದ್ದು ಕಂದಾಯ ಕಟ್ಟುವವರಿಗೆ, ಆಸ್ತಿಯುಳ್ಳವರಿಗೆ, ಓದಿದವರಿಗೆ. ಜಮೀನೇ ಇಲ್ಲದ ಹೊಲೆಯ ಮಾದಿಗ ಕೇರಿಗಳಿಗೆ ನಾಮಕರಣಗೊಂಡ ಒಬ್ಬಿಬ್ಬರ ಮೂಲಕ ಮಾತ್ರ ದನಿ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ, ಮತ್ತೆ 1928ರಲ್ಲಿ ಸೈಮನ್ ಆಯೋಗದ ಮುಂದೆ ಅಂಬೇಡ್ಕರ್ ಅವರು ಎತ್ತಿದ್ದು ಇದೇ ಪ್ರಶ್ನೆಯನ್ನು: ಆಸ್ತಿಯನ್ನು ಅಳತೆಗೋಲು ಮಾಡಿದರೆ ಆಸ್ತಿಯಿಂದ ದೂರವಿಟ್ಟವರನ್ನೇ ಮತದಿಂದಲೂ ದೂರವಿಟ್ಟಂತಾಯಿತು.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದದ್ದು ಈ ಕಥೆಯ ಇನ್ನೊಂದು ಅಧ್ಯಾಯ. ಶಿವಪುರದ ಧ್ವಜ ಸತ್ಯಾಗ್ರಹದ ಬೆನ್ನಿಗೇ ಇಲ್ಲಿ ಬಾವುಟ ಹಿಡಿದು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಜನ ಹೇಳುವ ಸಂಖ್ಯೆ ಮೂವತ್ತನ್ನು ಮೀರುತ್ತದೆ. ಅಲ್ಲಿ ಸೇರಿದ್ದವರ ಬೇಡಿಕೆ ಜವಾಬ್ದಾರಿ ಸರ್ಕಾರ, ಅಂದರೆ ಚುನಾಯಿತರಿಗೆ ಉತ್ತರ ಹೇಳುವ ಆಡಳಿತ. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ತನಿಖಾ ಸಮಿತಿ ನೇಮಕವಾಯಿತು. ಮತಕ್ಕಾಗಿ ಪ್ರಾಣ ತೆತ್ತ ಜಾಗವೂ ಪೊಲೀಸರ ಬಲಪ್ರಯೋಗವನ್ನು ಪ್ರಶ್ನಿಸಿದ ಜಾಗವೂ ಇಲ್ಲಿ ಒಂದೇ. 1947ರ ಅಕ್ಟೋಬರಿನಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಾಗ ಅದರ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿ ಕೋಲಾರ ಜಿಲ್ಲೆಯವರು.

ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. 1951–52ರ ಮೊದಲ ಮಹಾಚುನಾವಣೆಯಲ್ಲಿ ಕೇರಿಯ ಹೆಂಗಸೂ ಊರಿನ ಶಾನುಭೋಗರೂ ಒಂದೇ ಬೆಲೆಯ ಮತ ಹಾಕಿದರು. ಆದರೆ ಮತ ಹಾಕಿ ಹಿಂತಿರುಗಿದ ಊರು ಹಳೆಯ ಊರೇ ಆಗಿತ್ತು. ತೋಟಿ, ತಳವಾರ, ನೀರುಗಂಟಿಯ ಚಾಕರಿ ವಂಶಪಾರಂಪರ್ಯವಾಗಿ ಮುಂದುವರಿದಿತ್ತು. ಗ್ರಾಮ ಹುದ್ದೆಗಳ ರದ್ದತಿಯ ಶಾಸನ ಬಂದದ್ದು 1961ರಲ್ಲಿ. ಸಾಲಕ್ಕೆ ಮಗನನ್ನು ಜೀತಕ್ಕಿಡುವ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಲ್ಲೇ ಬಂದಿದ್ದರೂ ಠಾಣೆಗೆ ಹೋಗಿ ದೂರು ಬರೆಸುವ ಧೈರ್ಯ ಎಷ್ಟು ಜನಕ್ಕಿತ್ತು? ಚುನಾವಣೆಯ ಹಿಂದಿನ ರಾತ್ರಿ ಕೇರಿಯ ಹಿರಿಯರನ್ನು ಕರೆಸಿ ಯಜಮಾನರು ಒಂದು ಮಾತು ಹೇಳಿದರೆ ಇಡೀ ಹಟ್ಟಿಯ ಮತ ಒಂದೇ ಕಡೆ ಬೀಳುತ್ತಿತ್ತು. ಅದಕ್ಕೆ ಹೊಡೆತ ಬಡಿತ ಬೇಕಾಗಿರಲಿಲ್ಲ. ನಾಳೆಯ ಕೂಲಿ ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿತ್ತು.

ಈ ಕಟ್ಟನ್ನು ಸಡಿಲಿಸಿದ್ದು ದಲಿತ ಸಂಘರ್ಷ ಸಮಿತಿ (ದಸಂಸ). 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತಿನಿಂದ ಎದ್ದ ಬೂಸಾ ಗಲಾಟೆ ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳನ್ನು ಒಂದುಗೂಡಿಸಿತು. ಅದರ ಬೆನ್ನಿಗೆ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪ ಸಂಘಟನೆಗೆ ರೂಪ ಕೊಟ್ಟರು. ದೇವನೂರ ಮಹಾದೇವ, ಸಿದ್ದಲಿಂಗಯ್ಯ ಮೊದಲಾದವರು ಜೊತೆಯಾದರು. ಕೋಲಾರ ಜಿಲ್ಲೆ ದಸಂಸದ ಗಟ್ಟಿ ನೆಲೆಗಳಲ್ಲೊಂದಾಯಿತು. ಕೋಟಿಗಾನಹಳ್ಳಿ ರಾಮಯ್ಯ ಅವರಂಥವರು ಹಾಡು, ನಾಟಕಗಳ ಜೊತೆಗೆ ಹಳ್ಳಿ ಹಳ್ಳಿ ಸುತ್ತಿದರು. ಗೌರಿಬಿದನೂರು ತಾಲ್ಲೂಕಿನ ನಾಗಸಂದ್ರ ಭೂಹೋರಾಟಕ್ಕೆ ಹೆಸರಾಯಿತು. ದಸಂಸ ನೇರವಾಗಿ ಮತ ಕೇಳಲು ಹುಟ್ಟಿದ ಸಂಘಟನೆಯಲ್ಲ. ಯಾವ ಪಕ್ಷಕ್ಕೆ ಬೆಂಬಲ ಎಂಬ ಪ್ರಶ್ನೆ ಬಂದಾಗಲೆಲ್ಲ ಅದರೊಳಗೆ ಜಗಳವಾಗಿದೆ, ಒಡಕಾಗಿದೆ. ಆದರೆ ಮತದ ಹಕ್ಕಿಗೆ ಅದು ಮಾಡಿದಷ್ಟು ಉಪಕಾರವನ್ನು ಈ ಸೀಮೆಯಲ್ಲಿ ಯಾವ ಪಕ್ಷವೂ ಮಾಡಲಿಲ್ಲ ಎನ್ನಬೇಕು. ಜಮೀನಿನ ಪಹಣಿ ಕೇರಿಯವನ ಹೆಸರಿಗೆ ಬಂದರೆ ಅವನ ಮತವೂ ಅವನದಾಗುತ್ತದೆ ಎಂಬುದನ್ನು ಅದು ಅರಿತಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸಿದ 1978ರ ಕಾಯ್ದೆ, ಜನರ ಬಾಯಲ್ಲಿ ಪಿಟಿಸಿಎಲ್, ಈ ಹೋರಾಟದ ದೊಡ್ಡ ಆಯುಧವಾಯಿತು. 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ, ಸಕಾಲದಲ್ಲಿ ಅರ್ಜಿ ಹಾಕಿಲ್ಲವೆಂಬ ಕಾರಣಕ್ಕೆ ಬಡವರ ಅರ್ಜಿಗಳು ಬಿದ್ದುಹೋಗುವಂತಾದಾಗ, ದೀರ್ಘ ಧರಣಿಗಳ ನಂತರ 2023ರಲ್ಲಿ ರಾಜ್ಯ ಸರ್ಕಾರ ಕಾಲಮಿತಿ ಅಡ್ಡಿಯಾಗದಂತೆ ತಿದ್ದುಪಡಿ ತಂದಿತು.

ಪಂಚಾಯಿತಿ ಮೀಸಲಾತಿ ಬಂದ ಮೇಲೆ ಘರ್ಷಣೆಯ ಜಾಗ ಬದಲಾಯಿತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ನಜೀರ್ ಸಾಬ್ ರೂಪಿಸಿದ 1983ರ ಶಾಸನದಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿಯ ನಂತರದ 1993ರ ಪಂಚಾಯತ್ ರಾಜ್ ಕಾಯ್ದೆ ಅಧ್ಯಕ್ಷ ಸ್ಥಾನಕ್ಕೂ ಸರದಿ ಮೀಸಲಾತಿ ತಂದಿತು. ವಿಧಾನಸಭೆ ದೂರದ್ದು, ಪಂಚಾಯಿತಿ ಕಚೇರಿಯ ಕುರ್ಚಿ ಕಣ್ಣೆದುರಿನದು. ಕೇರಿಯ ಹೆಂಗಸು ಅದರಲ್ಲಿ ಕೂತು ಚೆಕ್ಕಿಗೆ ಸಹಿ ಮಾಡುವುದನ್ನು ಸಹಿಸದವರು ಹಲವು ದಾರಿ ಕಂಡುಕೊಂಡರು. ನಾಮಪತ್ರ ಸಲ್ಲಿಕೆಯ ಮುನ್ನಾದಿನ ದೇವಸ್ಥಾನದ ಮುಂದೆ ಸಭೆ ಸೇರಿ ‘ಅವಿರೋಧ ಆಯ್ಕೆ’ ತೀರ್ಮಾನಿಸುವುದು, ಸೂಚಕರು ಸಿಗದಂತೆ ಮಾಡುವುದು, ಗೆದ್ದ ಮೇಲೆ ಅವಿಶ್ವಾಸ ಗೊತ್ತುವಳಿ ತರುವುದು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನು ಬಹಿರಂಗ ಹರಾಜು ಹಾಕಿದ್ದು ವರದಿಯಾಗಿ, ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆ ಕೊಡಬೇಕಾಯಿತು. ಹರಾಜಿನ ಹಣ ಗುಡಿಗೋ ರಸ್ತೆಗೋ ಹೋಗುತ್ತದೆಂಬ ಸಮರ್ಥನೆ ಕೇಳಿಬರುತ್ತದೆ. ಹರಾಜು ಕೂಗಲು ಹಣವಿಲ್ಲದವನ ಸ್ಪರ್ಧಿಸುವ ಹಕ್ಕು ಅಲ್ಲಿಗೆ ಮುಗಿಯಿತು ಎಂಬುದನ್ನು ಆ ಸಮರ್ಥನೆ ಮುಚ್ಚಿಡುತ್ತದೆ. ನೆರೆಯ ತಮಿಳುನಾಡಿನಲ್ಲಿ ಇದು ರಕ್ತದವರೆಗೂ ಹೋಯಿತು. ಮಧುರೆ ಜಿಲ್ಲೆಯ ಮೇಲವಳವು ಪಂಚಾಯಿತಿ ಮೀಸಲಾದ ಮೇಲೆ ಅಧ್ಯಕ್ಷರಾಗಿ ಗೆದ್ದ ಮುರುಗೇಶನ್ ಅವರನ್ನು 1997ರ ಜೂನ್ 30ರಂದು ಸಂಗಡಿಗರೊಂದಿಗೆ ಕೊಲ್ಲಲಾಯಿತು. ಅದೇ ಭಾಗದ ಪಾಪಾಪಟ್ಟಿ, ಕೀರಿಪಟ್ಟಿಗಳಲ್ಲಿ 2006ರವರೆಗೆ ಹತ್ತು ವರ್ಷ ಯಾವ ಅಧ್ಯಕ್ಷರಿಗೂ ಸರಿಯಾಗಿ ಅಧಿಕಾರ ನಡೆಸಲಾಗಲಿಲ್ಲ.

ಕಳವಾರ ಸೀಮೆಯಲ್ಲಿ ಅಪರಾಧ ನ್ಯಾಯದ ಚರ್ಚೆ ಎಲ್ಲಿಂದ ಹೊರಟರೂ ಕಂಬಾಲಪಲ್ಲಿಗೆ ಬಂದು ನಿಲ್ಲುತ್ತದೆ. ಚಿಂತಾಮಣಿ ತಾಲ್ಲೂಕಿನ ಈ ಹಳ್ಳಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರು ಮನೆಯೊಳಗೇ ಸುಟ್ಟು ಸತ್ತರು. ಸತ್ತವರಲ್ಲಿ ಹೆಂಗಸರೂ ಇದ್ದರು. ಒಂದೇ ಕುಟುಂಬದ ಹಲವರಿದ್ದರು. ಹಗೆ ಒಂದೇ ದಿನದ್ದಲ್ಲ. 1998ರಲ್ಲಿ ಕಳ್ಳತನದ ಆರೋಪ ಹೊರಿಸಿ ದಲಿತರೊಬ್ಬರನ್ನು ಹೊಡೆದು ಕೊಂದಿದ್ದರು. ಬೆಂಕಿ ಹಚ್ಚುವ ಮುನ್ನ ನಡೆದ ಜಗಳದಲ್ಲಿ ಮೇಲ್ಜಾತಿಯ ಒಬ್ಬರು ಕೊಲೆಯಾಗಿದ್ದರು. ಅದರ ಬೆನ್ನಿಗೆ ಗುಂಪೊಂದು ಕೇರಿಗೆ ನುಗ್ಗಿತು. ಒಂದು ಕೊಲೆಗೆ ಕಾನೂನಿನ ದಾರಿ ಇತ್ತು. ಏಳು ಜನರನ್ನು ಜೀವಂತ ಸುಡುವುದಕ್ಕೆ ಯಾವ ಕಾರಣವೂ ಕಾರಣವಲ್ಲ.

ರಾಜ್ಯವೇ ಬೆಚ್ಚಿತು. ಮಂತ್ರಿಗಳು, ರಾಷ್ಟ್ರಮಟ್ಟದ ನಾಯಕರು, ಸತ್ಯಶೋಧನಾ ತಂಡಗಳು ಬಂದು ಹೋದವು. ಪರಿಹಾರ, ಪುನರ್ವಸತಿಯ ಭರವಸೆ ಕೊಟ್ಟರು. ದಸಂಸದ ಬಣಗಳು, ಎಡಪಕ್ಷಗಳು, ನಾಗರಿಕ ಹಕ್ಕು ಸಂಘಟನೆಗಳು ಬೀದಿಗಿಳಿದವು. ಆದರೆ ಮೆರವಣಿಗೆಗಳು ಕರಗಿದ ಮೇಲೆ ನ್ಯಾಯಾಲಯದ ಕೆಲಸ ಸದ್ದಿಲ್ಲದೆ, ವರ್ಷಗಟ್ಟಲೆ ನಡೆಯಿತು. 2006ರಲ್ಲಿ ಕೋಲಾರದ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಪ್ರತಿಕೂಲವಾಗಿದ್ದರು. ಸಾಕ್ಷ್ಯವಿಲ್ಲದೆ ಶಿಕ್ಷೆ ಕೊಡಬಾರದೆಂಬುದು ನ್ಯಾಯದ ಮೊದಲ ನಿಯಮ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಏಳು ಜನ ಸತ್ತದ್ದೂ ಅಷ್ಟೇ ನಿಜ. ಕೊಂದವರು ಯಾರೆಂಬ ಪ್ರಶ್ನೆಗೆ ಈ ಎರಡು ತೀರ್ಪುಗಳ ನಂತರವೂ ಉತ್ತರ ಸಿಕ್ಕಿಲ್ಲ.

ಸಾಕ್ಷಿ ತಿರುಗಿಬಿದ್ದರು ಎಂದು ಪತ್ರಿಕೆಗಳು ಬರೆಯುತ್ತವೆ. ಆ ಮಾತಿನಲ್ಲಿ ಸಾಕ್ಷಿಯ ಮೇಲೆ ಸಣ್ಣ ಆಪಾದನೆಯೂ ಇರುತ್ತದೆ. ಆರು ವರ್ಷ ಒಬ್ಬ ಕೂಲಿಕಾರ ಏನನ್ನು ಹಾದುಹೋಗುತ್ತಾನೆ ಎಂಬುದನ್ನು ನೋಡಿದರೆ ಆಪಾದನೆಯ ದಿಕ್ಕು ಬದಲಾಗುತ್ತದೆ. ಮೊದಲು ದೂರು ಬರೆಸುವ ಹೊತ್ತು. ಚಿಂತಾಮಣಿ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ದೂರುದಾರ ತೆಲುಗು ಬೆರೆತ ಮಾತಿನಲ್ಲಿ ಹೇಳಿದ್ದನ್ನು ಠಾಣೆಯ ರೈಟರು ಕಚೇರಿ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬ ಒಂದೇ ಸಾಲಿನಲ್ಲಿ ಜಾತಿ ಹಿಡಿದು ಬೈದ ಮಾತೆಲ್ಲ ಮುಳುಗಿಹೋಗುತ್ತದೆ. ಕೊನೆಗೆ ಹೆಬ್ಬೆಟ್ಟು. ವರ್ಷಗಳ ನಂತರ ಕಟಕಟೆಯಲ್ಲಿ ನಿಲ್ಲಿಸಿ ‘ಪೊಲೀಸರ ಮುಂದೆ ಹೀಗೆ ಹೇಳಿದ್ದೀರಲ್ಲ’ ಎಂದು ವಕೀಲರು ಕೇಳಿದಾಗ ಆ ಬರಹ ತನ್ನದೆಂದು ಅವನಿಗೆ ಗುರುತೇ ಸಿಗುವುದಿಲ್ಲ. ಈ ನಡುವೆ ಎದುರು ಪಕ್ಷದವರ ಕೌಂಟರ್ ಕೇಸು ಇರುತ್ತದೆ. ಅದರಲ್ಲಿ ದೂರುದಾರನೇ ಆರೋಪಿ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ. ಊರಿನಲ್ಲಿ ಕೆಲಸಕ್ಕೆ ಕರೆಯುವವರಿಲ್ಲ. ಕೊನೆಗೆ ಒಂದು ಸಂಜೆ ನಾಲ್ಕು ಜನ ಹಿರಿಯರು ಬಂದು ‘ಇದ್ದೂರಲ್ಲಿ ಎಷ್ಟು ದಿನ ಅಂತ ಹಿಂಗೆ, ರಾಜಿ ಮಾಡ್ಕೊಳ್ರಪ್ಪ’ ಎಂದು ಕೂರುತ್ತಾರೆ. ಇಷ್ಟೆಲ್ಲ ಆದ ಮೇಲೂ ಗಟ್ಟಿಯಾಗಿ ನಿಂತು ಸಾಕ್ಷಿ ಹೇಳುವವರಿದ್ದಾರೆ. ಅಚ್ಚರಿ ಪಡಬೇಕಾದದ್ದು ಅವರ ಬಗ್ಗೆ.

ಕಂಬಾಲಪಲ್ಲಿ ಒಂಟಿಯಲ್ಲ. ತಂಜಾವೂರು ಸೀಮೆಯ ಕೀಳ್‌ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರಂದು ಗುಡಿಸಲೊಂದರಲ್ಲಿ 44 ಮಂದಿ ಸುಟ್ಟುಹೋದರು. ಪ್ರಮುಖ ಆರೋಪಿಗಳು ಮೇಲ್ಮನವಿಯಲ್ಲಿ ಬಿಡುಗಡೆಯಾದರು. ಆಂಧ್ರದ ಚುಂಡೂರಿನಲ್ಲಿ 1991ರ ಆಗಸ್ಟ್ 6ರಂದು ದಲಿತರ ಕಗ್ಗೊಲೆಯಾಯಿತು. ಅಲ್ಲಿನವರ ಪಟ್ಟಿನಿಂದ ಊರಿನಲ್ಲೇ ವಿಶೇಷ ನ್ಯಾಯಾಲಯ ಕೂತಿತು, 2007ರಲ್ಲಿ ಶಿಕ್ಷೆಯೂ ಆಯಿತು. 2014ರಲ್ಲಿ ಹೈಕೋರ್ಟು ಆರೋಪಿಗಳನ್ನು ಖುಲಾಸೆ ಮಾಡಿತು. ಕಂಬಾಲಪಲ್ಲಿಯ ಮೇಲ್ಮನವಿ ಬಿದ್ದದ್ದೂ ಅದೇ ವರ್ಷ. ಇದಕ್ಕೆ ಎದುರಾಗಿ ನಿಲ್ಲುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28ರಂದು ಅಲ್ಲಿನ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಂತದಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿದೆ, ಕೊನೆಯ ಮಾತು ಇನ್ನೂ ಬಾಕಿ. ಆದರೂ ಹತ್ತು ವರ್ಷ ಕೇರಿಯ ಬೆನ್ನಿಗೆ ಸಂಘಟನೆ ನಿಂತರೆ ಸಾಕ್ಷಿ ಕೊನೆಯವರೆಗೂ ನಿಲ್ಲುವುದು ಸಾಧ್ಯ ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ.

ಇಂಥ ಸೋಲುಗಳ ಪಾಠದಿಂದಲೇ ಕಾಯ್ದೆ ಬದಲಾಯಿತು. ದೇಶದ ದಲಿತ ಸಂಘಟನೆಗಳು ಒಟ್ಟಾಗಿ ಒತ್ತಾಯಿಸಿದ ತಿದ್ದುಪಡಿ 2015ರಲ್ಲಿ ಅಂಗೀಕಾರವಾಗಿ 2016ರ ಜನವರಿ 26ರಂದು ಜಾರಿಗೆ ಬಂತು. ಮತದ ಹಕ್ಕಿನ ಭಾಗ ಅದರಲ್ಲಿ ಬಹಳ ವಿಸ್ತಾರವಾಗಿದೆ. ನಾಮಪತ್ರ ಸಲ್ಲಿಸದಂತೆ ತಡೆಯುವುದು, ಹಿಂತೆಗೆದುಕೊಳ್ಳುವಂತೆ ಬೆದರಿಸುವುದು, ಸೂಚಕರಾಗದಂತೆ ಅಡ್ಡಿಪಡಿಸುವುದು ಅಪರಾಧ. ಪಂಚಾಯಿತಿ, ನಗರಸಭೆಗಳ ಸದಸ್ಯರೋ ಅಧ್ಯಕ್ಷರೋ ಆದವರ ಕೆಲಸಕ್ಕೆ ಅಡ್ಡಿ ಮಾಡುವುದು ಅಪರಾಧ. ಮತದಾನ ಮುಗಿದ ಮೇಲೆ ಹೊಡೆಯುವುದು, ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು, ಸಾರ್ವಜನಿಕ ಸೌಲಭ್ಯ ತಪ್ಪಿಸುವುದೂ ಅಪರಾಧ. ಆರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷೆ. ಮತದಾನದ ದಿನ ಮಾತ್ರವಲ್ಲ, ಮರುದಿನವೂ ಕಾನೂನಿನ ಕಣ್ಣಿಗೆ ಬಿದ್ದದ್ದು ಆಗಲೇ. ಅದೇ ತಿದ್ದುಪಡಿ 15ಎ ಎಂಬ ಕಲಮಿನಲ್ಲಿ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳನ್ನು ಬರೆಯಿತು: ರಕ್ಷಣೆ, ಪ್ರಯಾಣ ಭತ್ಯೆ, ಜಾಮೀನು ಅರ್ಜಿಯ ವಿಚಾರಣೆಯಲ್ಲಿ ತಮ್ಮ ಮಾತು ಹೇಳುವ ಅವಕಾಶ, ಎಫ್‌ಐಆರ್ ಪ್ರತಿ. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಎರಡು ತಿಂಗಳಲ್ಲಿ ಸಾಧ್ಯವಾದಷ್ಟೂ ವಿಚಾರಣೆ ಮುಗಿಯಬೇಕು. ಕರ್ತವ್ಯ ಮರೆತ ಸರ್ಕಾರಿ ನೌಕರನಿಗೂ ಶಿಕ್ಷೆಯುಂಟು.

2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು, ಪ್ರಾಥಮಿಕ ವಿಚಾರಣೆಯ ಮಾತು ತಂದು ಕಾಯ್ದೆಯನ್ನು ಸಡಿಲಗೊಳಿಸಿದಾಗ ಏಪ್ರಿಲ್ 2ರಂದು ಭಾರತ ಬಂದ್ ನಡೆಯಿತು. ಆ ವರ್ಷವೇ ಸಂಸತ್ತು 18ಎ ಕಲಮು ಸೇರಿಸಿ ಕಾಯ್ದೆಯನ್ನು ಮೊದಲಿನಂತಾಗಿಸಿತು. 2020ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಎಲ್ಲ ಪ್ರಕರಣಗಳಿಗೂ ಅನ್ವಯಿಸುವ ಸಾಕ್ಷಿ ಸಂರಕ್ಷಣಾ ಯೋಜನೆಗೆ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟಿದೆ. ಕಂಬಾಲಪಲ್ಲಿಯ ಸಾಕ್ಷಿಗಳಿಗೆ ಇವು ಯಾವುವೂ ಇರಲಿಲ್ಲ.

ಮತದ ಗೋಪ್ಯತೆಯ ಬಗ್ಗೆ ಒಂದು ವಿಷಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಒಬ್ಬೊಬ್ಬರ ಮತ ಗುಟ್ಟಾಗಿರುತ್ತದೆ, ನಿಜ. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಮತಗಟ್ಟೆವಾರು ಲೆಕ್ಕ ನಮೂನೆ 20ರಲ್ಲಿ ಪ್ರಕಟವಾಗುತ್ತದೆ. ಕೇರಿಯವರೆಲ್ಲ ಒಂದೇ ಮತಗಟ್ಟೆಯಲ್ಲಿದ್ದರೆ ಅವರು ಯಾರಿಗೆ ಹಾಕಿದರು ಎಂಬುದನ್ನು ಎಣಿಕೆಯ ಸಂಜೆಯೇ ಬೆರಳಿಟ್ಟು ಹೇಳಬಹುದು. ಗ್ರಾಮ ಪಂಚಾಯಿತಿಯಲ್ಲಂತೂ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಮತದಾರರು ಇನ್ನೂರು ಮುನ್ನೂರು. ಅಷ್ಟು ಸಣ್ಣ ಎಣಿಕೆಯಲ್ಲಿ ಮನೆಮನೆಯ ಮತವನ್ನು ಊಹಿಸುವವರಿದ್ದಾರೆ. ಹಳೆಯ ಮತಪತ್ರಗಳ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸುವ ನಿಯಮವಿತ್ತು. ಯಂತ್ರಗಳು ಬಂದ ಮೇಲೆ ಆ ರಕ್ಷಣೆ ಹೋಯಿತು. ಹಲವು ಯಂತ್ರಗಳ ಮೊತ್ತವನ್ನು ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಬಳಸಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು; ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತಗಟ್ಟೆವಾರು ಲೆಕ್ಕ ಪಕ್ಷಗಳಿಗೆ ಬೇಕು. ಅದರ ಬೆಲೆ ತೆರುವವರು ಕೇರಿಯವರು. ಚುನಾವಣಾ ಸುಧಾರಣೆಯ ದೊಡ್ಡ ದೊಡ್ಡ ಚರ್ಚೆಗಳಲ್ಲಿ ಈ ಸಣ್ಣ ಯಂತ್ರಕ್ಕೆ ಇನ್ನೂ ಹೆಚ್ಚಿನ ಜಾಗ ಸಿಗಬೇಕಿತ್ತು.

ಜಾತಿಯ ಈ ಅನುಭವಕ್ಕೆ ಹತ್ತಿರದ ಹೋಲಿಕೆ ಅಮೆರಿಕದ ಕಪ್ಪು ಜನರದು. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಿ ಬಂದ ದಿನವೇ ತೋಟದ ಒಡೆಯ ಆಕೆಯನ್ನು ಹೊರಹಾಕಿದ. ಮರುವರ್ಷ ವಿನೋನಾ ಊರಿನ ಜೈಲಿನಲ್ಲಿ ಆಕೆಯನ್ನು ಬರ್ಬರವಾಗಿ ಹೊಡೆದರು. ಹೊಡೆಸಿದ ಅಧಿಕಾರಿಗಳನ್ನು ಬಿಳಿಯರೇ ತುಂಬಿದ್ದ ಜ್ಯೂರಿ ನಿರ್ದೋಷಿಗಳೆಂದು ಬಿಟ್ಟಿತು. ಮತ, ಕೂಲಿ, ಠಾಣೆ, ನ್ಯಾಯಾಲಯ ನಾಲ್ಕೂ ಒಬ್ಬ ಹೆಂಗಸಿನ ಬದುಕಿನಲ್ಲಿ ಹೀಗೆ ಹೆಣೆದುಕೊಂಡದ್ದು ಚಿಂತಾಮಣಿಯ ಓದುಗರಿಗೆ ಅಪರಿಚಿತವೆನಿಸದು. ಸೆಲ್ಮಾದ ಮೆರವಣಿಗೆಗಳ ನಂತರ 1965ರಲ್ಲಿ ಅಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂತು. 2013ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಅದರ ಮುಖ್ಯ ಭಾಗವೊಂದನ್ನು ನಿಷ್ಕ್ರಿಯಗೊಳಿಸಿತು. ಮುಂಬಯಿಯಲ್ಲಿ 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದಲೇ ಪಡೆಯಿತು. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದ ಜನಾಂಗಭೇದ ವಿರೋಧಿ ವಿಶ್ವ ಸಮ್ಮೇಳನದಲ್ಲಿ ಜಾತಿಯನ್ನೂ ಚರ್ಚಿಸಬೇಕೆಂದು ಭಾರತದ ದಲಿತ ಸಂಘಟನೆಗಳು ಹಟ ಹಿಡಿದವು. ಭಾರತ ಸರ್ಕಾರ ವಿರೋಧಿಸಿತು. ಮರುವರ್ಷ ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣಾ ಸಮಿತಿ, ಹುಟ್ಟಿನ ಆಧಾರದ ಭೇದದಲ್ಲಿ ಜಾತಿಯೂ ಸೇರುತ್ತದೆಂದು ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ಹೇಳಿತು. ಜಾತಿ ಮತ್ತು ಜನಾಂಗ ಒಂದೇ ಅಲ್ಲ. ನೋವು ಕೊಡುವ ಬಗೆ ಮಾತ್ರ ಬಹಳ ಹತ್ತಿರದ್ದು.

ಮತ ಮತ್ತು ಅಪರಾಧ ನ್ಯಾಯ ನೇರವಾಗಿ ಮುಖಾಮುಖಿಯಾಗುವುದು ಜೈಲಿನಲ್ಲಿ. 1951ರ ಜನಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಮಿನಂತೆ ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ. ಮುಂಜಾಗ್ರತಾ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ಶಿಕ್ಷೆಯಾದವರಿಗೂ ವಿಚಾರಣಾಧೀನರಿಗೂ ಇಲ್ಲಿ ವ್ಯತ್ಯಾಸವಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ಈ ನಿಷೇಧವನ್ನು ಒಪ್ಪಿತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು 16.6%; ಜೈಲಿನಲ್ಲಿ ಅವರ ಪಾಲು ಅದಕ್ಕಿಂತ ಹೆಚ್ಚು. ಒಂದೇ ಆರೋಪ ಹೊತ್ತ ಇಬ್ಬರಲ್ಲಿ ಜಾಮೀನು ಕೊಡಲು ಆಸ್ತಿಯಿದ್ದವನು ಹೊರಗೆ ಬಂದು ಮತ ಹಾಕುತ್ತಾನೆ. ಶ್ಯೂರಿಟಿ ನಿಲ್ಲುವವರಿಲ್ಲದವನು ಹಾಕಲಾರ. ಜೈಲಿನಿಂದಲೇ ಚುನಾವಣೆಗೆ ನಿಲ್ಲಲು 2013ರ ತಿದ್ದುಪಡಿ ಅವಕಾಶ ಕೊಟ್ಟಿದೆ. ನಿಂತವನಿಗೆ ತನ್ನ ಮತವನ್ನು ತಾನೇ ಹಾಕಿಕೊಳ್ಳಲು ಅವಕಾಶವಿಲ್ಲ. ಆಸ್ತಿಯನ್ನು ಅಳತೆಗೋಲು ಮಾಡಬಾರದೆಂದು 1919ರಲ್ಲಿ ಎತ್ತಿದ ವಾದ ವಿಚಾರಣಾಧೀನರ ವಿಷಯದಲ್ಲಿ ಇನ್ನೂ ಗೆದ್ದಿಲ್ಲ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕಸ ಗುಡಿಸುವ, ಅಡುಗೆ ಮಾಡುವ ಕೆಲಸ ಹಂಚುತ್ತಿದ್ದ ನಿಯಮಗಳನ್ನು ರದ್ದು ಮಾಡಿತು. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷ ಇಂಥ ನಿಯಮ ಉಳಿದಿತ್ತೆಂಬುದು ನಾಚಿಕೆಯ ಸಂಗತಿ.

ಇಂದು ತಾಲ್ಲೂಕು ಮಟ್ಟದ ಕಾರ್ಯಕರ್ತರ ಕೆಲಸ ದೊಡ್ಡ ಸಮಾವೇಶಗಳಿಗಿಂತ ಹೆಚ್ಚಾಗಿ ಕಾಗದಪತ್ರದ್ದು. ಬೆಂಗಳೂರಿಗೆ ದುಡಿಯಲು ಹೋದವರ ಹೆಸರು ಊರಿನ ಪಟ್ಟಿಯಿಂದ ಬಿಟ್ಟುಹೋಗುವುದನ್ನು ಗಮನಿಸಿ ಬೂತ್ ಮಟ್ಟದ ಅಧಿಕಾರಿಗೆ ನಮೂನೆ 6 ಕೊಡಿಸಬೇಕು. ಯಾರೋ ನಮೂನೆ 7 ಕೊಟ್ಟು ಹೆಸರು ತೆಗೆಸಲು ನೋಡಿದರೆ ಆಕ್ಷೇಪಣೆ ಹಾಕಿಸಬೇಕು. ಬೆದರಿಕೆಗೆ ಒಳಗಾಗಬಹುದಾದ ಕೇರಿಗಳನ್ನು ಚುನಾವಣೆಗೆ ಮೊದಲೇ ಗುರುತಿಸುವ ಪದ್ಧತಿ ಆಯೋಗದಲ್ಲಿದೆ. ಆ ಪಟ್ಟಿಗೆ ತಮ್ಮ ಊರನ್ನು ಸೇರಿಸಲು ತಹಶೀಲ್ದಾರರಿಗೆ ಬರೆದುಕೊಡಬೇಕು. ದೌರ್ಜನ್ಯ ನಡೆದಾಗ ದೂರುದಾರ ಹೇಳಿದ ಮಾತು ಎಫ್‌ಐಆರ್‌ನಲ್ಲಿ ಹಾಗೆಯೇ ಬಂದಿದೆಯೇ ಎಂದು ಓದಿ ನೋಡಬೇಕು. ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಿಂದ ನಡೆದು 60 ದಿನಗಳಲ್ಲಿ ದೋಷಾರೋಪ ಪಟ್ಟಿ ಹೋಗಬೇಕು. ಪೊಲೀಸರು ಪ್ರಕರಣ ಮುಚ್ಚುವ ‘ಬಿ’ ರಿಪೋರ್ಟ್ ಹಾಕಿದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬೇಕು. ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 2016ರ ನಿಯಮಗಳಂತೆ ಮತದ ಹಕ್ಕಿಗೆ ಅಡ್ಡಿಯಾದವರಿಗೆ 85,000 ರೂಪಾಯಿ ಪರಿಹಾರವಿದೆ; ಅದರ ಮೊದಲ ಕಂತು ಎಫ್‌ಐಆರ್ ಹಂತದಲ್ಲೇ ಬರಬೇಕು, ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ.

ಇವೆಲ್ಲದರ ಮೇಲ್ವಿಚಾರಣೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯದು. ಶಾಸಕರು, ಸಂಸದರು, ಪೊಲೀಸ್ ವರಿಷ್ಠಾಧಿಕಾರಿಗಳ ಜೊತೆಗೆ ಪರಿಶಿಷ್ಟ ಸಮುದಾಯದ ಐವರವರೆಗೆ ಅಧಿಕಾರೇತರ ಸದಸ್ಯರೂ ಅದರಲ್ಲಿರಬಹುದು. ಮೂರು ತಿಂಗಳಿಗೊಮ್ಮೆ ಅದು ಸೇರಲೇಬೇಕು. ಬಾಕಿ ಪ್ರಕರಣ, ತಡವಾದ ಪರಿಹಾರ, ರಕ್ಷಣೆ ಕೇಳಿದ ಸಾಕ್ಷಿ ಎಲ್ಲವೂ ಹೆಸರು ಹಿಡಿದು ಚರ್ಚೆಯಾಗಬೇಕಾದ ಸಭೆ ಇದು. ಅದರ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕೇಳಬಹುದು.